ನಕ್ಷತ್ರಗಳ ಅವಿಭಕ್ತ ಕುಟುಂಬ

ಕಳೆದ ವೈಶಾಖದಲ್ಲಿ ಬೀರೂರಿನ ನಮ್ಮ ನೆರೆಮನೆಯಲ್ಲಿ ಮದುವೆ. ಹಾಡಹಗಲಿನಲ್ಲೇ ಪುರೋಹಿತರು ಆಕಾಶದತ್ತ ಕೈ ತೋರಿ ವಧೂವರರಿಗೆ ಅರುಂಧತೀದರ್ಶನ ಮಾಡಿಸಿದರು. ಅವರೂ ಕಂಡವರಂತೆ ತಲೆಯಾಡಿಸಿದರು. ನನಗೆ ಅಷ್ಟಕ್ಕೆ ಸಮಾಧಾನವಾಗದೆ ಅಂದು ರಾತ್ರಿ ಮಾಳಿಗೆ ಹತ್ತಿದೆ. ಸಪ್ತರ್ಷಿಮಂಡಲದ ಬಾಲದ ನಡುವೆ ವಸಿಷ್ಠ, ಪಕ್ಕದಲ್ಲಿ ಮಂಕಾಗಿ ಅರುಂಧತಿ, ಬರಿಗಣ್ಣಿಗೇ ಕಂಡವು.

ಕಣ್ಣಿಗೆ ಕಾಣುವವರು ಇಬ್ಬರು. ಉಪಕರಣಗಳ ಲೆಕ್ಕದಲ್ಲಿ ಆರು ಮಂದಿ. ವಸಿಷ್ಠನೆಂಬುದು ಎರಡು ಜೋಡಿ ನಕ್ಷತ್ರಗಳ ಕೂಟ. ಒಂದು ಜೋಡಿಯ ಸುತ್ತು ಸುಮಾರು 20½ ದಿನ, ಇನ್ನೊಂದರದು ಸುಮಾರು 176 ದಿನ. ಅರುಂಧತಿಗೂ ಸಂಗಾತಿಯುಂಟೆಂದು 2009ರಲ್ಲಿ ತಿಳಿಯಿತು.

ಇಂಥ ಕುಟುಂಬಗಳಲ್ಲಿ ಎಲ್ಲರೂ ಒಂದೇ ಸಮತಲದಲ್ಲಿ ಸುತ್ತುವರೆ? ನಮ್ಮ ಗ್ರಹಗಳಂತೆ ಹೌದೆಂದೇ ಕಲಾ ವಿದ್ಯಾರ್ಥಿಯಾದ ನಾನು ನಂಬಿದ್ದೆ. ಓದಿದಾಗ ಆ ನಂಬಿಕೆ ಅರ್ಧ ಮಾತ್ರ ಉಳಿಯಿತು.

ದೊಡ್ಡ ಬಳೆಯೊಂದನ್ನು ಮೇಜಿನ ಮೇಲಿಟ್ಟು, ಅದರೊಳಗೆ ಮಗುವಿನ ಬಳೆಯನ್ನು ಮಲಗಿಸಿರಿ. ಇವು ಹೊಂದಿಕೊಂಡ ಕಕ್ಷೆಗಳು. ಚಿಕ್ಕ ಬಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಲಂಬವಾದ ಕಕ್ಷೆಗಳು. ಈ ಓರೆಯನ್ನು ಅಳೆಯುವುದು ಸುಲಭವಲ್ಲ. ಆಕಾಶದಲ್ಲಿ ಕಾಣುವುದು ಬಳೆಯ ನೆರಳಿನಂಥ ಆಕಾರ ಮಾತ್ರ; ಯಾವ ಅಂಚು ನಮ್ಮ ಕಡೆಗೆ ಬಾಗಿದೆಯೆಂದು ಅದು ಹೇಳದು. ನಕ್ಷತ್ರವು ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ಅದರ ಬೆಳಕಿನ ರೋಹಿತದಿಂದ ಅರಿತಾಗಲೇ ಸಂದೇಹ ಪರಿಹಾರವಾಗುತ್ತದೆ.

ಮೂರು ನಕ್ಷತ್ರಗಳ ವ್ಯೂಹಗಳನ್ನು ಹೀಗೆ ಅಳೆದಿದ್ದಾರೆ. ಮೂರನೆಯದು ಭೂಮಿ-ಸೂರ್ಯರ ಅಂತರದ ಸುಮಾರು 50 ಪಟ್ಟಿನೊಳಗಿದ್ದರೆ ಒಳ-ಹೊರ ಕಕ್ಷೆಗಳು ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ. 1000 ಪಟ್ಟು ಮೀರಿದರೆ ಹೊಂದಿಕೆಯೇ ಕಾಣದು. ಹತ್ತಿರದವು ಸುತ್ತುವ ಅನಿಲದ ಒಂದೇ ತಟ್ಟೆಯಲ್ಲಿ ಬೆಳೆದವು, ದೂರದವು ಕದಡಿದ ಮೋಡದ ಬೇರೆ ಬೇರೆ ಕಡೆಗಳಲ್ಲಿ ಹುಟ್ಟಿ ಜೊತೆಗೂಡಿದವು ಎಂದು ಇದರಿಂದ ಊಹಿಸಬಹುದು.

ನಿಯಮಕ್ಕೆ ಅಪವಾದವೂ ಉಂಟು. ಆಲ್ಗಾಲ್ ನಕ್ಷತ್ರದ ಒಳಜೋಡಿಯ ಸುತ್ತು ಸುಮಾರು 2 ದಿನ 21 ಗಂಟೆ. ಮೂರನೆಯದರ ಸುತ್ತು ಸುಮಾರು 680 ದಿನ. ಹತ್ತಿರದಲ್ಲೇ ಇದ್ದರೂ ಆ ಎರಡು ಕಕ್ಷೆಗಳು ಹೆಚ್ಚುಕಡಿಮೆ ಲಂಬವಾಗಿವೆ! ಓರೆ ಹೀಗೆ ಹೆಚ್ಚಾದರೆ ಹೊರಗಿನದರ ಸೆಳೆತದಿಂದ ಒಳಕಕ್ಷೆಯು ಒಮ್ಮೆ ನೀಳವಾಗಿ ಮತ್ತೊಮ್ಮೆ ದುಂಡಗಾಗಬಲ್ಲುದು. ಉಪಗ್ರಹಗಳ ವಿಷಯದಲ್ಲಿ ಲಿಡೊವ್ 1961ರಲ್ಲಿ, ಕ್ಷುದ್ರಗ್ರಹಗಳ ವಿಷಯದಲ್ಲಿ ಕೊಜಾಯ್ 1962ರಲ್ಲಿ ಈ ತತ್ತ್ವವನ್ನು ತೋರಿಸಿಕೊಟ್ಟರು.

ಹೀಗೆ ಕಕ್ಷೆಯ ಓರೆಯೆಂಬುದು ನಕ್ಷತ್ರಗಳ ಜಾತಕ. ಹುಟ್ಟಿದ ಬಗೆಯನ್ನೂ ಮುಂದಿನ ಗತಿಯನ್ನೂ ಅದರಲ್ಲಿ ಓದಬಹುದು. ವಾಚಕ ಮಿತ್ರರೇ, ಇನ್ನು ಮುಂದೆ ಯಾರಾದರೂ ಹಗಲಿನಲ್ಲಿ ಅರುಂಧತಿಯನ್ನು ತೋರಿಸಿದರೆ ವಿನಯದಿಂದ ತಲೆಯಾಡಿಸಿರಿ. ಆದರೆ ರಾತ್ರಿ ಮಾಳಿಗೆ ಹತ್ತುವುದನ್ನು ಮರೆಯದಿರಿ.