ಶರಣರ ನಾಟಕಗಳಲ್ಲಿ ವಾದ್ಯವಿಚಾರ

ಬಸವ ಜಯಂತಿಯ ಸಂದರ್ಭದಲ್ಲಿ ಊರೂರುಗಳಲ್ಲಿ ಶರಣಚರಿತೆಯ ನಾಟಕಗಳು ನಡೆಯುವುದು ವಾಡಿಕೆ. ಉಡುಗೆ, ವಿಭೂತಿ, ರುದ್ರಾಕ್ಷಿಗಳಲ್ಲಿ ಬಹಳ ಎಚ್ಚರ ವಹಿಸುವವರೂ ಪಾತ್ರಧಾರಿಯ ಕೈಗೆ ಕೊಡುವ ವಾದ್ಯದ ವಿಷಯದಲ್ಲಿ ಉದಾಸೀನರಾಗುವುದುಂಟು. ಅನುಭವ ಮಂಟಪದ ದೃಶ್ಯದಲ್ಲಿ ಶರಣನೊಬ್ಬನು ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತರೆ, ಅದು ನಕ್ಕು ಬಿಡತಕ್ಕ ಕಾಲದೋಷ ಮಾತ್ರವಲ್ಲ. ವಚನದ ಅರ್ಥವೇ ಅಲ್ಲಿ ಮರೆಯಾಗುವ ಸಂಭವವಿದೆ.

ಬಸವಣ್ಣನವರು ತಮ್ಮ ದೇಹವನ್ನೇ ಕೂಡಲಸಂಗಮದೇವನು ನುಡಿಸುವ ವಾದ್ಯವಾಗಿ ಅರ್ಪಿಸಿಕೊಂಡ ವಚನವು ಎಲ್ಲರಿಗೂ ಪರಿಚಿತವಾದುದು. ಅಲ್ಲಿ ಕಾಯಕ್ಕೆ ದಂಡಿಗೆ, ಶಿರಕ್ಕೆ ಸೋರೆ, ನರಕ್ಕೆ ತಂತಿ, ಬೆರಳಿಗೆ ಕಡ್ಡಿ ಹೋಲಿಕೆಯಾಗಿ ಬಂದಿವೆ. ಇವು ಕಲ್ಪನೆಯ ಅಂಗಗಳಲ್ಲ, ಆ ಕಾಲದ ದಂಡಿಗೆಯ ವೀಣೆಯ ಅಂಗಗಳು. ನೇರವಾದ ಒಂದು ಕೋಲು, ಅದಕ್ಕೆ ಕಟ್ಟಿದ ಸೋರೆಯ ಬುರುಡೆ, ಉದ್ದಕ್ಕೂ ಬಿಗಿದ ತಂತಿ: ಇಷ್ಟೇ ಅದರ ಕಟ್ಟಡ. ಕೋಲು ತಾನಾಗಿ ನಾದವನ್ನು ತುಂಬಲಾರದು. ಟೊಳ್ಳಾದ ಸೋರೆಯೇ ತಂತಿಯ ಮಿಡಿತವನ್ನು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ಬಳ್ಳಿಯಲ್ಲಿ ಬಲಿತು, ತಿರುಳನ್ನೂ ಬೀಜವನ್ನೂ ಕಳೆದುಕೊಂಡು, ಒಣಗಿದ ಸೋರೆಯಲ್ಲದೆ ಬೇರೆಯದು ಈ ಕೆಲಸಕ್ಕೆ ಬಾರದು. ಇದನ್ನು ಬಲ್ಲವನಿಗೆ, ಶಿರವನ್ನು ಸೋರೆ ಮಾಡೆಂಬ ಬೇಡಿಕೆ ಎಷ್ಟು ಕಠಿಣವಾದುದೆಂಬುದು ಆಗಲೇ ಹೊಳೆಯುತ್ತದೆ. ಗಾಳಿಯೊತ್ತಿ ನುಡಿಸುವ ಪೆಟ್ಟಿಗೆಯನ್ನು ನೋಡುತ್ತ ಕುಳಿತ ಬಾಲಕನಿಗೆ ಈ ಅರ್ಥ ಹೊಳೆಯುವ ಬಗೆ ಹೇಗೆ?

ಹಾರ್ಮೋನಿಯಮ್ಮಿಗೆ ಪ್ಯಾರಿಸ್ಸಿನ ದೆಬೆನ್ ಎಂಬಾತನು ಹಕ್ಕುಪತ್ರ ಪಡೆದುದು 1842ರಲ್ಲಿ. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದ ಬಾಲುಸ್ವಾಮಿ ದೀಕ್ಷಿತರ ಕಾಲ 1786–1858. ತಬಲವೂ 12ನೆಯ ಶತಮಾನದ್ದಲ್ಲ. ಮರದ ಕೊಡವುಳ್ಳ ಇಂದಿನ ಸರಸ್ವತಿ ವೀಣೆ ಸಹ 17ನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ರೂಪುಗೊಂಡುದಾದ್ದರಿಂದ, ಬಸವಣ್ಣನವರ ಹೋಲಿಕೆಗೆ ಒಗ್ಗುವುದಿಲ್ಲ.

ಹಾಗಾದರೆ ಯಾವುದನ್ನು ತರಬೇಕು? ಕಿನ್ನರಿಯನ್ನು ತರಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ಮಾನಸೋಲ್ಲಾಸದಲ್ಲಿ ವಾದ್ಯವಿನೋದದ ಭಾಗವೇ ಇದೆ; ಮುಂದೆ 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಕಿನ್ನರಿಯ ಲಕ್ಷಣವನ್ನು ವಿವರಿಸಿದನು. ಅದು ಸೋರೆಬುರುಡೆಗಳನ್ನೂ ದಂಡದ ಮೇಲೆ ಮೆಟ್ಟಿಲುಗಳನ್ನೂ ಉಳ್ಳ ವಾದ್ಯ. ಮಹಾಲಿಂಗ ತ್ರಿಪುರಾಂತಕ ಅಂಕಿತದ ಕಿನ್ನರಿ ಬೊಮ್ಮಯ್ಯನವರಿಗೆ ಹೆಸರು ಬಂದುದೇ ಇದರಿಂದ. ಅವರಿಗೆ ಕಿನ್ನರಿ ಅಲಂಕಾರವಲ್ಲ, ಕಾಯಕದ ಉಪಕರಣ. ಆ ಪಾತ್ರಕ್ಕೆ ಸಿತಾರನ್ನು ಕೊಟ್ಟರೆ ಹೆಸರೊಂದು, ಕೈಯಲ್ಲಿರುವುದು ಇನ್ನೊಂದು. ತಾಳ, ಮದ್ದಳೆ, ಕೊಳಲುಗಳಿಗಾದರೋ ಬೇಲೂರು, ಹಳೇಬೀಡುಗಳ ಶಿಲ್ಪಗಳನ್ನು ನೋಡಿಬಂದರೆ ಸಾಕು.

ವಚನಗಾಯನಕ್ಕೆ ಈ ಕಟ್ಟು ಅನ್ವಯಿಸುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಹಿಂದುಸ್ತಾನಿ ಪದ್ಧತಿಯಲ್ಲಿ ವಚನಗಳನ್ನು ಹಾಡಿ ಜನರ ಹೃದಯಕ್ಕೆ ಮುಟ್ಟಿಸಿದರು. ಅವರು 12ನೆಯ ಶತಮಾನದವರಂತೆ ವೇಷ ಧರಿಸಿ ಹಾಡಿದವರಲ್ಲ. ಇಂದಿನ ಗಾಯಕನು ಇಂದಿನ ವಾದ್ಯದೊಡನೆ ಹಾಡುವುದರಲ್ಲಿ ಮೋಸವಿಲ್ಲ. ಕಂಪನಿ ನಾಟಕದ ಕಾಲುಪೆಟ್ಟಿಗೆಯೂ ರಂಗದ ಮುಂದೆ, ಕಥೆಯ ಹೊರಗೆ ಇರುತ್ತಿತ್ತು. ಶರಣನೆಂದು ವೇಷ ಧರಿಸಿ ಕಥೆಯೊಳಗೆ ಕುಳಿತವನಿಗೆ ಮಾತ್ರ ಈ ನಿಯಮ.

ಖರ್ಚಿನ ಅಂಜಿಕೆಯೂ ಬೇಡ. ನುಡಿಯುವ ಕಿನ್ನರಿ ದೊರೆಯದಿದ್ದರೆ ಬಿದಿರಿನ ಗಳುವಿಗೆ ಒಣಸೋರೆಗಳನ್ನು ಕಟ್ಟಿ ಪಾತ್ರಧಾರಿಯ ಕೈಗಿತ್ತು, ನಾದವನ್ನು ಪರದೆಯ ಹಿಂದಿನಿಂದ ಒದಗಿಸಬಹುದು. ಬಲಿತ ಸೋರೆ ಒಣಗುವುದಕ್ಕೆ ಕೆಲವು ತಿಂಗಳುಗಳೇ ಬೇಕಾದುದರಿಂದ, ಮುಂದಿನ ಜಯಂತಿಗೆ ನಾಟಕವಾಡುವವರು ಎರಡು ಕಾಯಿಗಳನ್ನು ಈಗಲೇ ಬಳ್ಳಿಯಲ್ಲಿ ಉಳಿಸಿಕೊಳ್ಳುವುದು ಲೇಸು.