‘ತೆಗದ ಮಣ್ಣು ಎಲ್ಲಿ ಒಯ್ದು ಹಾಕ್ತಾರ್ರಿ?’: ಮಣ್ಣಿನ ಮಾಲಿನ್ಯದ ಒಂದು ಪಾಠ

ಬೋಧನಾಭ್ಯಾಸಕ್ಕೆ ನನ್ನನ್ನು ಬಬಲೇಶ್ವರ ಭಾಗದ ಒಂದು ಪ್ರೌಢಶಾಲೆಗೆ ಹಾಕಿದ್ದರು. ಎಂಟನೇ ತರಗತಿಗೆ ಮಣ್ಣಿನ ಮಾಲಿನ್ಯದ ಪಾಠ. ಕಲುಷಿತ ಮಣ್ಣನ್ನು ಶುದ್ಧಗೊಳಿಸುವ ಕ್ರಮಗಳನ್ನು ತಿಳಿಸಲು ಕೋಲಾರ ಚಿನ್ನದ ಗಣಿಯನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಸಿನಿಮಾದಿಂದಾಗಿ ಕೆ.ಜಿ.ಎಫ್. ಹೆಸರು ಎಲ್ಲ ಮಕ್ಕಳಿಗೂ ಗೊತ್ತು, ಪೀಠಿಕೆ ಸುಲಭವಾಯಿತು.

ಆಯ್ದ ಉದಾಹರಣೆ

ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿಯನ್ನು ಊರಿನ ಪಕ್ಕದಲ್ಲೇ ಸುರಿದರು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ದಿಬ್ಬಗಳು ಉಳಿದವು. ಅಲ್ಲಿಯವರು ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಪುಡಿಯಲ್ಲಿರುವ ಸಿಲಿಕಾ, ಲೋಹದ ಅಂಶಗಳು ಹಾಗೆ ಹೋಗುವುದಿಲ್ಲ. ಗಾಳಿಗಾಲದಲ್ಲಿ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಇಂಥ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆ. ಅದರಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಣಿಯ ಜಮೀನಿನಲ್ಲಿ ಕೈಗಾರಿಕಾ ಪಟ್ಟಣ ಕಟ್ಟುವ ಮಾತೂ ಇದೆ.

ಮೊದಲ ತರಗತಿ

ಪಾಠಯೋಜನೆಯ ಉದ್ದೇಶಗಳಲ್ಲಿ ನಾನು ಹೀಗೆ ಬರೆದಿದ್ದೆ: ‘ಶುದ್ಧೀಕರಣದ ಬಗ್ಗೆ ಜನರಲ್ಲಿರುವ ತಪ್ಪು ಭಯವನ್ನು ನಿವಾರಿಸುವುದು.’ ಅಗೆದು ಸಾಗಿಸುವುದು, ತೊಳೆಯುವುದು, ಮೇಲೆ ಮುಚ್ಚಿಬಿಡುವುದು ಎಂದು ಮೂರು ಕ್ರಮಗಳನ್ನು ಕರಿಹಲಗೆಯ ಮೇಲೆ ಬರೆದೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ತೆಗದ ಮಣ್ಣು ಎಲ್ಲಿ ಒಯ್ದು ಹಾಕ್ತಾರ್ರಿ?”

“ಅದನ್ನ ತಜ್ಞರು ನೋಡ್ಕೋತಾರ, ಕೂಡು” ಎಂದೆ. ಅವಳು ಕೂತಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಮೌಲ್ಯಮಾಪನದಲ್ಲಿ ಮೂರೂ ಕ್ರಮಗಳನ್ನು ಎಲ್ಲರೂ ಸರಿಯಾಗಿ ಹೇಳಿದರು. ಪಾಠ ಚೆನ್ನಾಗಿ ಆಯಿತೆಂದೇ ತಿಳಿದಿದ್ದೆ.

ಮಾರ್ಗದರ್ಶಿ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ‘ತಪ್ಪು ಭಯ’ ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಪಕ್ಕದಲ್ಲಿ ಇಷ್ಟೇ ಬರೆದಿದ್ದರು: ‘ತಪ್ಪು ಎಂದು ಯಾರು ಅಳೆದರು? ಆ ಹುಡುಗಿಯ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇತ್ತೇ?’ ಇರಲಿಲ್ಲ. ಆ ಉದ್ದೇಶವನ್ನು ಹೊಡೆದುಹಾಕಿ, ಅವಳ ಪ್ರಶ್ನೆಯಿಂದಲೇ ಪಾಠವನ್ನು ಮತ್ತೆ ಕಟ್ಟಿದೆ.

ಮರುಪಾಠ: ಮೂರು ಬುಟ್ಟಿಗಳು

ತಳದಲ್ಲಿ ತೂತಿರುವ ಮೂರು ಪ್ಲಾಸ್ಟಿಕ್ ಬುಟ್ಟಿ, ಒಣ ಮಣ್ಣು, ಗುಲಾಲು, ಬಿಳಿ ಹಾಳೆ, ನೀರು. ನಮ್ಮ ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅರ್ಧದಷ್ಟು ಮರಳು ಬೆರೆಸಬೇಕಾಯಿತು. ಪ್ರತಿ ಬುಟ್ಟಿಯ ನಡುವೆ ಗುಲಾಲು ಹೂತು, ಸುತ್ತ ಹಾಳೆ ಹಾಸಿದೆವು. ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿದ ಚಟುವಟಿಕೆ ಇದು.

ಒಂದನೇ ಗುಂಪು ಒಣಗಿದ್ದಾಗಲೇ ಅಗೆಯಿತು. ಒಬ್ಬ ನೋಟ್‌ಬುಕ್ಕಿನಿಂದ ಗಾಳಿ ಬೀಸಿದ. ಹಾಳೆ ಕೆಂಪಾಯಿತು. ಎರಡನೇ ಗುಂಪು ನೀರು ಚಿಮುಕಿಸಿ ಅಗೆಯಿತು. ಧೂಳು ಕಡಿಮೆ, ಆದರೆ ಬುಟ್ಟಿಯ ತಳದಿಂದ ಕೆಂಪು ನೀರು ಇಳಿಯಿತು. ಮೂರನೇ ಗುಂಪು ಅಗೆಯದೆ, ಮೇಲೆ ಇನ್ನೊಂದು ಪದರ ಮಣ್ಣು ಹಾಕಿ ಒತ್ತಿತು. ಅದು ಗೆದ್ದೆವೆಂದು ಕೂಗಿತು. ‘ಮಳೆ ಬಂತು’ ಎಂದು ಒಂದು ಚೊಂಬು ನೀರು ಸುರಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಬುಟ್ಟಿಯ ಕೆಳಗೂ ಕೆಂಪು ಕಂಡಿತು.

“ದ್ರಾಕ್ಷಿಗೆ ಎಣ್ಣಿ ಹೊಡಿಯೂ ಮುಂದ ಗಾಳಿ ಬಂದ್ರ ಬಾಜೂ ಹೊಲಕ್ಕ ಹೋಗ್ತದಲ್ರಿ, ಹಂಗ ಇದು” ಎಂದ ಒಬ್ಬ ಹುಡುಗ. ನಾನು ಕೊಟ್ಟ ಯಾವ ಉದಾಹರಣೆಗಿಂತಲೂ ಅದು ಚೆನ್ನಾಗಿತ್ತು.

ಚರ್ಚೆ

ಈಗ ಆ ಹುಡುಗಿಯ ಪ್ರಶ್ನೆಗೆ ಮರಳಿದೆ. ಭೋಪಾಲದ ಕಾರ್ಖಾನೆಯಲ್ಲಿ 1984ರ ದುರಂತದ ನಂತರವೂ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿ 1ರ ರಾತ್ರಿ ಸುಮಾರು 250 ಕಿ.ಮೀ. ದೂರದ ಪೀಥಂಪುರಕ್ಕೆ ಸಾಗಿಸಿದರು. ಭೋಪಾಲದಿಂದ ಹೋಯಿತು, ಆದರೆ ಪೀಥಂಪುರದ ಜನ ಬೀದಿಗಿಳಿದರು. ಅದನ್ನು ಸುಟ್ಟ ಮೇಲೂ ಬೂದಿಯನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆ ಉಳಿಯಿತು. ಕೊಡೈಕೆನಾಲಿನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿನಲ್ಲಿ ಪಾದರಸವಿತ್ತು. ಅಲ್ಲಿನ ವಾದ ಒಂದು ಅಂಕಿಯ ಮೇಲೆ: ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ ಉಳಿದರೆ ಸಾಕೇ, ಇನ್ನೂ ಕಡಿಮೆ ಆಗಬೇಕೇ? ಜನ ಕೇಳಿದ್ದು ಎಷ್ಟು ಶುದ್ಧವಾದರೆ ಶುದ್ಧ ಎಂದು.

ಕೆ.ಜಿ.ಎಫ್.ನ ದಿಬ್ಬದ ಕೆಳಗೆ ಮನೆ ಇರುವವರಾಗಿ ಅಧಿಕಾರಿಗೆ ಏನು ಕೇಳುತ್ತೀರಿ ಎಂದು ಗುಂಪುಗಳಿಗೆ ಕೊಟ್ಟೆ. ಬಂದ ಪ್ರಶ್ನೆಗಳು ಇವು: ಅಗೆಯುವಾಗ ಧೂಳು ಯಾರು ಅಳೆಯುತ್ತಾರೆ? ಅಳತೆಯನ್ನು ನಮಗೆ ಕನ್ನಡದಲ್ಲಿ ಹೇಳುತ್ತಾರೆಯೇ? ಗಾಳಿಗಾಲದಲ್ಲಿ ಕೆಲಸ ನಿಲ್ಲಿಸುತ್ತಾರೆಯೇ? ಚಿನ್ನ ತೆಗೆದ ಮೇಲೆ ಪುಡಿ ಮತ್ತೆ ಎಲ್ಲಿಗೆ? ಆಮೇಲೆ ಅಲ್ಲಿ ಶಾಲೆ ಕಟ್ಟಬಹುದೇ? ಬಾವಿ ನೀರು ಎಷ್ಟು ವರ್ಷ ಪರೀಕ್ಷಿಸುತ್ತಾರೆ?

ನಾನು ಕಂಡುಕೊಂಡದ್ದು

ಇವುಗಳಲ್ಲಿ ಯಾವುದೂ ತಿಳಿವಳಿಕೆ ಇಲ್ಲದವರ ಭಯವಲ್ಲ. ಮಾದರಿ ತೆಗೆಯುವುದು, ಮಿತಿ ನಿಗದಿ, ನೀರಿನ ಹರಿವು, ಗಾಳಿಯ ದಿಕ್ಕು, ಎಲ್ಲವೂ ಅವುಗಳಲ್ಲಿವೆ. ಮೂರು ಕ್ರಮಗಳಲ್ಲಿ ಪ್ರತಿಯೊಂದಕ್ಕೂ ಬೆಲೆ ಇದೆ, ಆ ಬೆಲೆ ಹತ್ತಿರ ಇರುವವರ ಮೇಲೆ ಬೀಳುತ್ತದೆ. ಹೀಗಿರುವಾಗ ಅವರು ಕೇಳುವುದು ಶುದ್ಧೀಕರಣಕ್ಕೆ ಅಡ್ಡಿಯಲ್ಲ, ಅದರ ಮೊದಲ ಹಂತ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಎರಡು ಸೂಚನೆ. ಒಂದು, ಕ್ರಮಗಳನ್ನು ಪಟ್ಟಿ ಮಾಡುವ ಮೊದಲು ಬುಟ್ಟಿಗಳನ್ನು ತೋರಿಸಿ. ಎರಡು, ಮೌಲ್ಯಮಾಪನದಲ್ಲಿ ‘ಕ್ರಮಗಳನ್ನು ಹೆಸರಿಸಿ’ ಎನ್ನುವ ಬದಲು ‘ಈ ಕ್ರಮದಿಂದ ಯಾರಿಗೆ, ಯಾವಾಗ ತೊಂದರೆ? ಅದನ್ನು ತಪ್ಪಿಸಲು ಏನು ಅಳೆಯಬೇಕು?’ ಎಂದು ಕೇಳಿ. ನನ್ನ ಎರಡನೇ ತರಗತಿಯಲ್ಲಿ ಸರಿಯುತ್ತರಗಳು ಮೊದಲಿಗಿಂತ ಕಡಿಮೆ ಬಂದವು. ಕೈ ಎತ್ತಿದವರು ಮಾತ್ರ ಹೆಚ್ಚು. ಮೊದಲು ಎತ್ತಿದವಳು ಅದೇ ಹುಡುಗಿ.