ವಸತಿಯ ಕಾಯಕ: ಆಕ್ಟೇವಿಯಾ ಹಿಲ್ ಅವರ ಕಾರ್ಯವಿಧಾನದ ಒಂದು ಪರಿಶೀಲನೆ

‘ವಸತಿ’ ಎಂಬ ಶಬ್ದವು ‘ವಸ್’ ಎಂಬ ಧಾತುವಿನಿಂದ ಹುಟ್ಟಿದುದು. ನೆಲೆಸಿರುವುದು ಎಂಬುದು ಅದರ ಅರ್ಥ. ಗೋಡೆ, ಮಾಡು, ಬಾಗಿಲುಗಳ ಮಾತು ಆ ಧಾತುವಿನಲ್ಲಿ ಎಲ್ಲಿಯೂ ಇಲ್ಲ. ಆದುದರಿಂದ ಬಡವರಿಗೆ ವಸತಿಯನ್ನು ಕಲ್ಪಿಸುವೆವೆಂದು ಹೊರಟ ಸಂಸ್ಥೆಯ ಕೆಲಸವು ಕಟ್ಟಡವು ಮುಗಿದ ದಿನಕ್ಕೆ ಮುಗಿಯತಕ್ಕದ್ದಲ್ಲ. ಜನರು ಒಳಗೆ ನೆಲೆಸಿದ ಮೇಲೆಯೇ ಅದಕ್ಕೆ ನಿಜವಾದ ಆರಂಭ. ಇಂತಹ ಸಂಸ್ಥೆಯ ಮುಂದಾಳುವಾದವರು ದಿನದಿನವೂ ಮಾಡಬೇಕಾದುದೇನು, ಎಲ್ಲಿ ಬಿಗಿಯಾಗಿರಬೇಕು, ಎಲ್ಲಿ ಸಡಿಲಬಿಡಬೇಕು ಎಂಬುದನ್ನು ವಿಚಾರಮಾಡಲು ಲಂಡನ್ ನಗರದ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯ ಚರಿತ್ರೆಯು ಬಹಳ ಉಪಯುಕ್ತವಾದುದು. ಅವರ ಗುಣಗಳಿಂದ ಕಲಿಯತಕ್ಕದ್ದುಂಟು. ಅವರ ಹಟದಿಂದಲೂ ಕಲಿಯತಕ್ಕದ್ದುಂಟು.

ಹಿಲ್ ಅವರು ಹುಟ್ಟಿದ್ದು 1838ರಲ್ಲಿ, ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಿನಲ್ಲಿ. ತಂದೆ ವ್ಯಾಪಾರದಲ್ಲಿ ದಿವಾಳಿಯಾದರು. ಮಕ್ಕಳನ್ನು ಸಾಕಿ ಬೆಳೆಸಿದವರು ತಾಯಿ. ತಾಯಿಯ ತಂದೆ ಸೌತ್‌ವುಡ್ ಸ್ಮಿತ್ ಅವರು ವೈದ್ಯರು. ಕೊಳಚೆ ನೀರಿಗೂ ಜ್ವರಕ್ಕೂ ಇರುವ ಸಂಬಂಧವನ್ನು ಕುರಿತು ಸರಕಾರಕ್ಕೆ ಎಚ್ಚರಿಕೆ ಕೊಟ್ಟವರಲ್ಲಿ ಪ್ರಮುಖರು. ಮೊಮ್ಮಗಳು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆಟದ ಸಾಮಾನು ತಯಾರಿಸುವ ಬಡ ಹೆಣ್ಣುಮಕ್ಕಳ ಮೇಲ್ವಿಚಾರಣೆಗೆ ನಿಂತಳು. ಕೆಲಸಕ್ಕೆ ಬರುತ್ತಿದ್ದ ಆ ಮಕ್ಕಳ ಮನೆಗಳಿಗೆ ಹೋಗಿ ನೋಡಿದುದೇ ಆಕೆಗೆ ದೊರೆತ ಮೊದಲ ಶಿಕ್ಷಣ. ಪುಸ್ತಕದ ಓದು ಆಮೇಲಿನದು.

ಆ ಕಾಲದ ಲಂಡನ್ನಿನಲ್ಲಿ ಬಡವರ ಮನೆಗಳ ವ್ಯವಹಾರವು ಹೆಚ್ಚಾಗಿ ಮಧ್ಯವರ್ತಿಗಳ ಕೈಯಲ್ಲಿತ್ತು. ಒಡೆಯನಿಂದ ಇಡೀ ಮನೆಯನ್ನು ಹಿಡಿದು, ಕೋಣೆಕೋಣೆಯಾಗಿ ಒಳಬಾಡಿಗೆಗೆ ಕೊಟ್ಟು, ದುರಸ್ತಿಗೆ ಕಾಸನ್ನೂ ಬಿಚ್ಚದೆ ಲಾಭವೆತ್ತುವುದು ಅವರ ಕ್ರಮ. ದಾನಿಗಳೂ ಇದ್ದರು. ಜಾರ್ಜ್ ಪೀಬಾಡಿ ಎಂಬ ಅಮೆರಿಕದ ವರ್ತಕರು 1862ರಲ್ಲಿ 1,50,000 ಪೌಂಡುಗಳ ನಿಧಿಯನ್ನು ಕೊಟ್ಟರು. ಅದರಿಂದ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಆದರೆ ಆ ಕಟ್ಟಡಗಳ ಬಾಡಿಗೆಯೂ ನಿಬಂಧನೆಗಳೂ ಸ್ಥಿರವಾದ ದುಡಿಮೆಯುಳ್ಳ ಕುಶಲಕರ್ಮಿಗೆ ಹೊಂದುವಂತಿದ್ದವು. ಇಂದು ಕೂಲಿಯುಂಟು, ನಾಳೆ ಇಲ್ಲ ಎಂಬ ಸ್ಥಿತಿಯವನಿಗೆ ಅಲ್ಲಿ ಪ್ರವೇಶವು ದುರ್ಲಭವಾಗಿತ್ತು. ಹಿಲ್ ಅವರ ಕಣ್ಣು ಬಿದ್ದುದು ಈ ಹಿಂದುಳಿದವನ ಮೇಲೆ.

ಜಾನ್ ರಸ್ಕಿನ್ನರು ಪ್ರಸಿದ್ಧ ಲೇಖಕರು, ಕಲಾವಿಮರ್ಶಕರು. ಹಿಲ್ ಅವರು ಅವರಿಗಾಗಿ ಚಿತ್ರಗಳ ಪ್ರತಿ ತೆಗೆಯುತ್ತಿದ್ದರು. 1864ರಲ್ಲಿ ತಂದೆಯ ಆಸ್ತಿ ರಸ್ಕಿನ್ನರ ಕೈಗೆ ಬಂದಿತು. ಮರುವರ್ಷ ಮೇರಿಲಬೋನ್ ಭಾಗದ ಪ್ಯಾರಡೈಸ್ ಪ್ಲೇಸ್ ಎಂಬ ಓಣಿಯಲ್ಲಿ ಮೂರು ಹಳೆಯ ಮನೆಗಳ ಗುತ್ತಿಗೆಯನ್ನು 750 ಪೌಂಡುಗಳಿಗೆ ಕೊಂಡು, ಅವುಗಳ ಆಡಳಿತವನ್ನು ಈಕೆಗೆ ಒಪ್ಪಿಸಿದರು. ಪ್ಯಾರಡೈಸ್ ಎಂದರೆ ಸ್ವರ್ಗ. ಹೆಸರಿಟ್ಟವನು ಆ ಓಣಿಯನ್ನು ಕಂಡಿರಲಾರ! ಗೋಡೆಯ ಗಾರೆ ಉದುರಿತ್ತು, ಕಿಟಕಿಯ ಗಾಜು ಒಡೆದಿತ್ತು, ನೀರಿನ ತೊಟ್ಟಿ ಸೋರುತ್ತಿತ್ತು. ರಸ್ಕಿನ್ನರು ಒಂದು ಕರಾರನ್ನು ಹಾಕಿದರು: ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಆದಾಯ ಬರತಕ್ಕದ್ದು.

ಬಡವರಿಂದ ನೂರಕ್ಕೆ ಐದೇ, ಇದು ಎಂತಹ ಧರ್ಮ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಲೆಕ್ಕವನ್ನು ಒಮ್ಮೆ ನೋಡಬೇಕು. ದಾನದಿಂದ ನಡೆಯುವ ಮನೆಗಳು ದಾನಿಯ ಹಣ ಮುಗಿದಲ್ಲಿಗೆ ನಿಲ್ಲುವುವು. ಮಿತವಾದ ಆದಾಯವನ್ನು ತಪ್ಪದೆ ಕೊಡುವ ಮನೆಗಳನ್ನು ನೋಡಿ ಎರಡನೆಯವನು, ಮೂರನೆಯವನು ತನ್ನ ಹಣವನ್ನೂ ತರುವನು. ಹಾಗೆಯೇ ಆಯಿತು. ಇನ್ನೊಂದು ಕಾರಣವನ್ನು ಹಿಲ್ ಅವರು ಅದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿಟ್ಟಿದ್ದರು. ಬಾಡಿಗೆ ಕೊಟ್ಟು ಇರುವವನು ತಲೆಯೆತ್ತಿ ಇರುತ್ತಾನೆ. ಮಾಡು ಸೋರಿದರೆ ಕೇಳುವ ಅಧಿಕಾರ ಅವನಿಗಿದೆ. ಪುಕ್ಕಟೆಯಾಗಿ ಇರಿಸಿಕೊಂಡವನ ಮುಂದೆ ಆ ಮಾತನ್ನು ಆಡಲು ಅವನಿಗೆ ಬಾಯಿ ಬಾರದು.

ಈಗ ಆಕೆಯ ದಿನಚರಿಯನ್ನು ನೋಡೋಣ. ಈ ಪಾಠದ ಸಾರವೆಲ್ಲ ಅದರಲ್ಲಿದೆ. ಕೂಲಿಯು ವಾರಕ್ಕೊಮ್ಮೆ ಬರುತ್ತಿದ್ದುದರಿಂದ ಬಾಡಿಗೆಯೂ ವಾರಕ್ಕೊಮ್ಮೆ. ಅದನ್ನು ವಸೂಲಿಮಾಡಲು ಆಕೆ ತಾನೇ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದರು. ಕತ್ತಲೆಯ ಮೆಟ್ಟಿಲನ್ನು ಹತ್ತಿ, ಬಾಗಿಲು ತಟ್ಟಿ, ಹಣವನ್ನು ಎಣಿಸಿಕೊಂಡು, ಬಾಡಿಗೆಯ ಪುಸ್ತಕದಲ್ಲಿ ಬರೆದುಕೊಡುವಷ್ಟು ಹೊತ್ತಿನಲ್ಲಿ ಮನೆಯ ಸಮಾಚಾರವೆಲ್ಲ ತಿಳಿಯುವುದು: ಯಾರಿಗೆ ಕೆಲಸ ತಪ್ಪಿತು, ಯಾವ ಮಗು ಶಾಲೆಗೆ ಹೋಗಲಿಲ್ಲ, ಯಾವ ಮೂಲೆ ಸೋರುತ್ತಿದೆ. ಗುಮಾಸ್ತನನ್ನು ಕಳುಹಿಸಿದ್ದರೆ ಹಣವಷ್ಟೇ ಬರುತ್ತಿತ್ತು. ಒಳಗೆ ಬರುವ ಮೊದಲು ಬಾಗಿಲು ತಟ್ಟಿ ಅಪ್ಪಣೆ ಕೇಳುವುದು ಆಕೆಯ ಮರ್ಯಾದೆ. ಎಷ್ಟೇ ಬಡವನಾಗಲಿ, ಆ ಕೋಣೆಗೆ ಅವನೇ ಯಜಮಾನ.

ಬಾಕಿಯನ್ನು ಮಾತ್ರ ಆಕೆ ಸಹಿಸುತ್ತಿರಲಿಲ್ಲ. ಕೊಡದವನಿಗೆ ನೋಟೀಸು, ನೆರೆಹೊರೆಯ ನೆಮ್ಮದಿಯನ್ನು ಕೆಡಿಸುವವನಿಗೂ ಅದೇ ಗತಿ. ಆದರೆ ಈ ಬಿಗಿಯ ಪಕ್ಕದಲ್ಲಿಯೇ ಒಂದು ಉಪಾಯವಿತ್ತು. ತುರ್ತಿಲ್ಲದ ದುರಸ್ತಿಯ ಕೆಲಸಗಳನ್ನು ಆಕೆ ಕೂಲಿ ಸಿಕ್ಕದ ತಿಂಗಳುಗಳಿಗೆ ಕಾದಿರಿಸುವರು. ಕೆಲಸವಿಲ್ಲದೆ ಕುಳಿತ ಬಾಡಿಗೆದಾರನಿಗೆ ಅದನ್ನು ಕೊಡುವರು. ಅವನು ಆ ಕೂಲಿಯಿಂದ ಬಾಡಿಗೆಯನ್ನು ತೀರಿಸುವನು. ಮೆಟ್ಟಿಲು, ನಡುಮನೆಗಳನ್ನು ತೊಳೆಯಲು ವಠಾರದ ದೊಡ್ಡ ಹುಡುಗಿಯರಿಗೇ ಕೂಲಿ ಕೊಡುವರು. ಬಾಕಿಯನ್ನು ಮನ್ನಾ ಮಾಡುವುದು ಸುಲಭವಾದ ಕರುಣೆ. ಬಾಕಿ ಬೀಳದಂತೆ ಆರು ತಿಂಗಳು ಮುಂಚೆ ಯೋಚಿಸುವುದು ಕಷ್ಟದ ಕರುಣೆ.

ದುರಸ್ತಿಯ ಕ್ರಮವೂ ಗಮನಾರ್ಹವಾದುದು. ನೀರು, ಚರಂಡಿಗಳನ್ನು ಮೊದಲು ಸರಿಪಡಿಸಿದರು. ಉಳಿದುದನ್ನು ಒಂದೇ ಸಲ ಹೊಸದುಮಾಡಲಿಲ್ಲ. ಜನರು ಕಾಪಾಡಿಕೊಂಡಂತೆಲ್ಲ ಒಂದೊಂದಾಗಿ ಸೇರಿಸುತ್ತ ಹೋದರು. ಪ್ರತಿ ಮನೆಗೂ ವರ್ಷಕ್ಕೆ ಇಂತಿಷ್ಟು ದುರಸ್ತಿಯ ಹಣವೆಂದು ಗೊತ್ತುಮಾಡಿ, ಒಡೆಯುವುದು ಮುರಿಯುವುದು ಕಡಮೆಯಾಗಿ ಅದರಲ್ಲಿ ಉಳಿತಾಯವಾದರೆ ಅದನ್ನು ಬಾಡಿಗೆದಾರರೇ ಬಯಸಿದ ಅನುಕೂಲಕ್ಕೆ ವೆಚ್ಚಮಾಡುತ್ತಿದ್ದರು. ಇದು ಬಲು ಜಾಣ ಏರ್ಪಾಟು. ಹುಡುಗನು ಕಿಟಕಿಗೆ ಕಲ್ಲೆಸೆದರೆ ಅವನನ್ನು ತಡೆಯಲು ಮೇಲ್ವಿಚಾರಕಿ ಬರಬೇಕಾಗಿಲ್ಲ. ಪಕ್ಕದ ಮನೆಯ ಅಜ್ಜಿಯೇ ಗದರಿಸುವಳು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ತುಂಬಿದ್ದಲ್ಲಿ, ಸ್ವಲ್ಪ ಹೆಚ್ಚು ಬಾಡಿಗೆಗೆ ಎರಡು ಕೋಣೆಗಳನ್ನು ಕೊಡುತ್ತಿದ್ದರು. ಒಳಬಾಡಿಗೆಗೆ ಆಸ್ಪದವಿರಲಿಲ್ಲ.

ಕೆಲಸ ಬೆಳೆಯಿತು. 1874ರ ಹೊತ್ತಿಗೆ ಹದಿನೈದು ವಸತಿಗಳು, ಸುಮಾರು 3,000 ಬಾಡಿಗೆದಾರರು. ಒಬ್ಬಳೇ ಹತ್ತಲಾರದಷ್ಟು ಮೆಟ್ಟಿಲುಗಳಾದವು. ಆಗ ಆಕೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತಯಾರು ಮಾಡತೊಡಗಿದರು. ಮೊದಮೊದಲು ಸ್ವಇಚ್ಛೆಯಿಂದ ಬಂದವರು. ಬರಬರುತ್ತ ವೇತನ ಪಡೆಯುವವರೂ ಸೇರಿದರು. ಲೆಕ್ಕ ಬರೆಯುವುದು, ಚರಂಡಿಯ ಕೆಲಸವನ್ನು ಪರೀಕ್ಷಿಸುವುದು, ಕಾನೂನು ತಿಳಿಯುವುದು ಇವೆಲ್ಲ ಆ ಶಿಕ್ಷಣದಲ್ಲಿ ಸೇರಿದ್ದವು. ಮರುಕವೊಂದಿದ್ದರೆ ಸಾಕೆಂದು ಬಂದವರಿಗೆ ಅಲ್ಲಿ ಹೆಚ್ಚು ದಿನ ನಿಲ್ಲಲು ಆಗುತ್ತಿರಲಿಲ್ಲ. 1884ರಲ್ಲಿ ಇಂಗ್ಲೆಂಡಿನ ಚರ್ಚಿನ ಆಸ್ತಿಯನ್ನು ನೋಡಿಕೊಳ್ಳುವ ಆಯುಕ್ತರು ಸದರ್ಕ್ ಭಾಗದ ತಮ್ಮ ಮನೆಗಳನ್ನು ಆಕೆಯ ಆಡಳಿತಕ್ಕೆ ಕೊಟ್ಟರು. ಅಲ್ಲಿ ಸುಟ್ಟುಹೋಗಿದ್ದ ಕಾಗದದ ಕಾರಖಾನೆಯ ನಿವೇಶನದಲ್ಲಿ 1887ರಲ್ಲಿ ರೆಡ್ ಕ್ರಾಸ್ ಉದ್ಯಾನವನ್ನು ನಿರ್ಮಿಸಿ, ಪಕ್ಕದಲ್ಲಿ ಸಭಾಮಂದಿರವನ್ನೂ ಸಣ್ಣ ಮನೆಗಳ ಸಾಲನ್ನೂ ಕಟ್ಟಿಸಿದರು. ಬಡವನಿಗೆ ಹೂವು ಏಕೆಂದು ಕೇಳುವ ಪ್ರಾಜ್ಞರು ಅಂದೂ ಇದ್ದರು.

ಇನ್ನು ದೋಷಗಳ ವಿಚಾರ. ಮನೆಯೂ ಅದರ ಬಾಗಿಲಿನ ಅಧಿಕಾರವೂ ಒಬ್ಬರ ಕೈಯಲ್ಲಿದ್ದಾಗ ಸ್ನೇಹವು ಎಷ್ಟು ಸ್ನೇಹ, ಎಷ್ಟು ಅಂಕೆ ಎಂಬುದನ್ನು ಹೇಳುವುದು ಕಷ್ಟ. ಆಕೆಯ ಕಣ್ಣಿಗೆ ನಡತೆಗೆಟ್ಟವನು ಹೊರಗೆ ಹೋಗಬೇಕಾಗಿತ್ತು. ಹೋದವನು ಎಲ್ಲಿಗೆ ಹೋದನು? ಬಹುಶಃ ಇನ್ನೂ ಕೆಟ್ಟ ಓಣಿಗೆ. 1880ರ ದಶಕದಲ್ಲಿ ಲಂಡನ್ನಿನ ಕ್ಯಾಥರೀನ್ ಬಿಲ್ಡಿಂಗ್ಸ್ ಎಂಬ ಇನ್ನೊಂದು ಸಂಸ್ಥೆಯ ವಠಾರದಲ್ಲಿ ಇದೇ ಬಗೆಯ ಬಾಡಿಗೆ ವಸೂಲಿಯನ್ನು ಮಾಡಿದ ಬಿಯಾಟ್ರಿಸ್ ಪಾಟರ್ ಎಂಬ ತರುಣಿಯು (ಮುಂದೆ ಬಿಯಾಟ್ರಿಸ್ ವೆಬ್ ಎಂದು ಪ್ರಸಿದ್ಧರಾದವರು) ದಾರಿದ್ರ್ಯಕ್ಕೆ ಇಂತಹ ವೈಯಕ್ತಿಕ ಸೇವೆ ಸಾಲದೆಂಬ ನಿರ್ಣಯಕ್ಕೆ ಬಂದರು. 1905ರಿಂದ 1909ರವರೆಗೆ ಕುಳಿತ ಬಡವರ ಕಾನೂನಿನ ರಾಜಮಂಡಲಿಯಲ್ಲಿ ಇಬ್ಬರೂ ಸದಸ್ಯರು. ಅಭಿಪ್ರಾಯಗಳು ಮಾತ್ರ ಎರಡು ದಡಗಳು. ನಗರಸಭೆಯೇ ಮನೆ ಕಟ್ಟಿ ಬಾಡಿಗೆಗೆ ಕೊಡುವುದನ್ನು ಹಿಲ್ ಅವರು ಕೊನೆಯವರೆಗೂ ವಿರೋಧಿಸಿದರು. ಮತ ಕೇಳುವವನೇ ಬಾಡಿಗೆಯನ್ನೂ ಕೇಳಬೇಕಾದಲ್ಲಿ ಎರಡೂ ಕೆಡುವುವೆಂಬುದು ಆಕೆಯ ವಾದದ ಒಂದು ಎಳೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೂ ನನ್ನ ತೀರ್ಮಾನವು ಈ ವಿಷಯದಲ್ಲಿ ಆಕೆಯ ಕಡೆಗಿಲ್ಲ. ಲಕ್ಷಾಂತರ ಜನರಿಗೆ ಮಾಡಿಲ್ಲದ ನಗರದಲ್ಲಿ ಕೆಲವು ಸಾವಿರ ಜನರ ಬಾಗಿಲನ್ನು ತಟ್ಟುವ ವಿಧಾನವೊಂದೇ ಸಾಕಾಗದು. 1919ರ ಕಾನೂನಿನಿಂದ ಬ್ರಿಟನ್ನಿನಲ್ಲಿ ಸ್ಥಳೀಯ ಸಭೆಗಳು ಸರಕಾರದ ಸಹಾಯಧನದಿಂದ ಮನೆಗಳನ್ನು ಕಟ್ಟಲು ತೊಡಗಿದವು. ಖಾಸಗಿ ಹಣದಿಂದ ಅಷ್ಟು ಮನೆಗಳು ಏಳುತ್ತಿರಲಿಲ್ಲ. ಆದರೆ ಕಟ್ಟಿದ ಮೇಲೆ ಅವುಗಳನ್ನು ನಡೆಸಲು ಆ ಸಭೆಗಳಲ್ಲಿ ಕೆಲವು ಹುಡುಕಿಕೊಂಡು ಹೋದುದು ಹಿಲ್ ಅವರ ಪದ್ಧತಿಯಲ್ಲಿ ತರಬೇತಾದ ಹೆಂಗಸರನ್ನೇ!

ಮುಂದಾಳುತನದ ದೃಷ್ಟಿಯಿಂದ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಷ್ಟು ವಿಸ್ತಾರವಾದ ಕೆಲಸವನ್ನು ಆಕೆ ತನ್ನ ಹೆಸರಿನ ಒಂದು ಮಹಾಸಂಸ್ಥೆಯನ್ನಾಗಿ ಕಟ್ಟಲಿಲ್ಲ. ಮನೆಗಳ ಒಡೆಯರು ಬೇರೆಬೇರೆ. ತಯಾರಾದ ಕಾರ್ಯಕರ್ತೆಯು ತನ್ನ ವಠಾರಕ್ಕೆ ತಾನೇ ಹೊಣೆ. ಬಾಡಿಗೆಯ ಹಣದಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬ ನಿರ್ಣಯವನ್ನು ಆಕೆಗೇ ಬಿಟ್ಟಿದ್ದರು. ಎಮ್ಮಾ ಕಾನ್ಸ್ ಎಂಬಾಕೆ ಜತೆಯಲ್ಲಿ ಕೆಲಸ ಕಲಿತು, ಹೊರಗೆ ಹೋಗಿ ತನ್ನದೇ ಆದ ವಸತಿ ಕಂಪನಿಯನ್ನು ಸ್ಥಾಪಿಸಿದರು. 1898ರಲ್ಲಿ ಸ್ನೇಹಿತರು ಸಾರ್ಜೆಂಟ್ ಎಂಬ ಕಲಾವಿದರಿಂದ ಬರೆಯಿಸಿದ ಭಾವಚಿತ್ರವನ್ನು ಅರ್ಪಿಸಿದಾಗ, ತಾನು ಹೋದ ಮೇಲೆ ತನ್ನ ಪದ್ಧತಿಯನ್ನು ಕಣ್ಣುಮುಚ್ಚಿ ಅನುಸರಿಸಬೇಡಿರೆಂದೂ, ಹೊಸ ಕಾಲಕ್ಕೆ ಹೊಸ ಪ್ರಯತ್ನ ಬೇಕಾಗುವುದೆಂದೂ ಆಕೆ ಅಲ್ಲಿ ನೆರೆದಿದ್ದವರಿಗೆ ಹೇಳಿದರು. ಜೀವಮಾನವಿಡೀ ಹಟಹಿಡಿದವರ ಬಾಯಿಂದ ಬಂದ ಈ ಮಾತಿಗೆ ಬೆಲೆ ಹೆಚ್ಚು.

1912ರಲ್ಲಿ ಅವರು ತೀರಿಕೊಂಡರು. ಅದಕ್ಕೂ ಮೊದಲೇ, 1896ರಲ್ಲಿ, ಅಮೆರಿಕದ ಫಿಲಡೆಲ್ಫಿಯದಲ್ಲಿ ಅವರ ಹೆಸರಿನ ಸಂಘವೊಂದು ಸ್ಥಾಪಿತವಾಗಿತ್ತು. ಹಾಲೆಂಡಿನಿಂದ ಬಂದು ಕಲಿತು ಹೋದವರು ಆಮ್‌ಸ್ಟರ್‌ಡಾಮಿನಲ್ಲಿ ಈ ಕೆಲಸವನ್ನು ತೊಡಗಿಸಿದ್ದರು. ಅವರ ಶಿಷ್ಯೆಯರ ಪರಂಪರೆಯಲ್ಲಿ 1916ರಲ್ಲಿ ಹುಟ್ಟಿದ ಮಹಿಳೆಯರ ಸಂಘವು 1965ರಲ್ಲಿ ಗೃಹನಿರ್ವಹಣೆಯ ವೃತ್ತಿಯವರ ಸಂಸ್ಥೆಯೊಡನೆ ಕೂಡಿಕೊಂಡಿತು. ಸದರ್ಕಿನ ಉದ್ಯಾನವೂ ಅದರ ಪಕ್ಕದ ಸಣ್ಣ ಮನೆಗಳೂ ಇಂದಿಗೂ ಇವೆ.